ಮೂರು ನಿಮಿಷಕ್ಕೆ ಒಂದು ಸೆಕೆಂಡ್ ಕಡಿಮೆ

ನಾರಾಯಣಗಾಂವ್ ಕಡೆಯ ಒಂದು ಶೀತಲಗೃಹದಲ್ಲಿ ನಾವು ಕೂರಿಸಿದ್ದ ತಾಪಮಾನ ಅಳೆಯುವ ಪೆಟ್ಟಿಗೆಗಳ ಮೇಲೆ ದೂರು ಬಂತು. ದ್ರಾಕ್ಷಿ ಇಟ್ಟವರು ಗ್ರಾಫ್ ತೋರಿಸಿದರು: ಪ್ರತಿ ತಾಸಿನಲ್ಲೂ ಅರ್ಧ ತಾಸಿಗಿಂತ ಹೆಚ್ಚು ಖಾಲಿ. ಆ ಹೊತ್ತಿನಲ್ಲಿ ಕೋಣೆ ಬಿಸಿಯಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಳೆದವನ ವರ್ಷದ ದುಡಿಮೆ ಅದರೊಳಗಿತ್ತು, ಹಾಗಾಗಿ ಇದು ನಮಗೆ ಸಣ್ಣ ವಿಷಯವಾಗಿರಲಿಲ್ಲ.

ಪೆಟ್ಟಿಗೆಯೊಳಗೆ 32 ಬಿಟ್‌ನ ಆರ್ಮ್ ಬೋರ್ಡ್ (ಪುಟ್ಟ ಕಂಪ್ಯೂಟರ್), ಮೇಲೆ ಲಿನಕ್ಸ್. ಬ್ಯಾಟರಿ ಉಳಿಸಲು ಅದು ಸಸ್ಪೆಂಡ್ ಆಗಿ ಮಲಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಆರ್‌ಟಿಸಿಯ, ಅಂದರೆ ಬೋರ್ಡ್ ಮಲಗಿದಾಗಲೂ ಓಡುವ ಪುಟ್ಟ ಗಡಿಯಾರದ, ಅಲಾರಂ ಎಬ್ಬಿಸುತ್ತದೆ, ಒಂದು ಅಳತೆ ತೆಗೆದುಕೊಂಡು ಮತ್ತೆ ಮಲಗುತ್ತದೆ. ತಾಸಿಗೊಮ್ಮೆ ಮೋಡೆಮ್ ಎದ್ದು ಅಳತೆಗಳನ್ನು ಕಳಿಸಿ, ಸರಿಯಾದ ಸಮಯ ತಂದು ಕೂರಿಸುತ್ತದೆ.

ಎರಡು ವಾರ ಮೋಡೆಮ್ಮನ್ನೇ ಬೈದೆವು. ಆಂಟೆನಾ ಬದಲಿಸಿದೆವು, ಸಿಮ್ ಬದಲಿಸಿದೆವು. ಕೊನೆಗೆ ಗ್ರಾಫ್ ಬಿಟ್ಟು ಕಚ್ಚಾ ದಾಖಲೆ ತೆರೆದು ಸಾಲು ಎಣಿಸಿದೆ. ತಾಸಿಗೆ ಆರು ಇರಬೇಕು, ಆರೂ ಇದ್ದವು! ಅಳತೆಗಳು ಕಳೆದಿರಲಿಲ್ಲ, ಅವುಗಳ ಸಮಯ ಕಳೆದಿತ್ತು. ಒಂದು ನಿಮಿಷದ ಅಂತರ, ಮತ್ತೆ ಒಂದು ನಿಮಿಷದ ಅಂತರ, ಆಮೇಲೆ ಹತ್ತು ನಿಮಿಷದ್ದು. ಹೀಗೇ ಮುಂದುವರಿದು, ಮೋಡೆಮ್ ಬಂದು ಸಮಯ ತಿದ್ದಿದಾಗ ಒಮ್ಮೆಲೇ ಸುಮಾರು 36 ನಿಮಿಷ ಮುಂದಕ್ಕೆ ಜಿಗಿತ.

ಬೋರ್ಡನ್ನು ಪುಣೆಯ ಹಿಂಜೆವಾಡಿಯ ಆಫೀಸಿಗೆ ತಂದೆ. ಮೊದಲ ಅನುಮಾನ ಆರ್‌ಟಿಸಿಗೆ ತಾಳ ಕೊಡುವ ಹರಳಿನ ಮೇಲೆ. ಆದರೆ 32.768 ಕಿಲೋಹರ್ಟ್ಸ್ ಹರಳು 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಅಷ್ಟೇ. ಇಲ್ಲಿ ತಾಸಿಗೆ 36 ನಿಮಿಷ ಹೋಗುತ್ತಿದೆ. ಹರಳು ಅಂಥ ಕೆಲಸ ಮಾಡುವುದಿಲ್ಲ. ಎಚ್‌ಡಬ್ಲ್ಯುಕ್ಲಾಕ್ ಆಜ್ಞೆಯಿಂದ ಆರ್‌ಟಿಸಿಯನ್ನೇ ಓದಿದೆ, ಅದರ ಸಮಯ ಸರಿಯಾಗಿತ್ತು. ಹಾಗಾದರೆ ತಪ್ಪು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ.

ಇಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಒಂದು ಲೆಕ್ಕ ಹೇಳಬೇಕು. ಲಿನಕ್ಸ್‌ನಲ್ಲಿ ಮೊನೊಟಾನಿಕ್ ಗಡಿಯಾರ ಮಲಗಿದ ಹೊತ್ತನ್ನು ಎಣಿಸುವುದಿಲ್ಲ, ಬೂಟ್‌ಟೈಮ್ ಗಡಿಯಾರ ಎಣಿಸುತ್ತದೆ. ಎರಡರ ವ್ಯತ್ಯಾಸ ತೆಗೆದರೆ "ನಾನು ಒಟ್ಟು ಇಷ್ಟು ಹೊತ್ತು ಮಲಗಿದ್ದೆ" ಎಂದು ಕರ್ನಲ್ ನಂಬಿರುವ ಮೊತ್ತ ಸಿಗುತ್ತದೆ. ಪ್ರತಿ ಸಲ ಎದ್ದಾಗ ಆ ವ್ಯತ್ಯಾಸ ಮುದ್ರಿಸಿದೆ. ಬೋರ್ಡಿನಿಂದ ತಂತಿಯಲ್ಲಿ ಬರುವ ಸೀರಿಯಲ್ ಕನ್ಸೋಲಿನ ಪ್ರತಿ ಸಾಲಿಗೂ ನನ್ನ ಲ್ಯಾಪ್‌ಟಾಪ್ ತನ್ನ ಸಮಯ ಹಾಕುವಂತೆ ಮಾಡಿದೆ, ಯಾಕೆಂದರೆ ಸುಳ್ಳು ಹೇಳುವ ಗಡಿಯಾರವನ್ನು ಅದರಿಂದಲೇ ಅಳೆಯಲಾಗದು. ಲ್ಯಾಪ್‌ಟಾಪ್ ಪ್ರಕಾರ ಬೋರ್ಡ್ ಪ್ರತಿ ಸಲವೂ 600 ಸೆಕೆಂಡ್ ಮಲಗಿತ್ತು. ಕರ್ನಲ್ ಪ್ರಕಾರ 63.13, 63.13, 600, 63.13, 63.13, 600.

ನಮ್ಮ ತಂಡದಲ್ಲಿ ವಿಜಯಪುರದ ಹಿರಿಯರೊಬ್ಬರಿದ್ದಾರೆ, ಪುಣೆಗೆ ಬಂದು ಮೂವತ್ತು ವರ್ಷವಾಗಿದೆ. ನಾವೆಲ್ಲ ಕಾಕಾ ಅನ್ನುತ್ತೇವೆ. ಸಂಜೆ ಕೋಥ್ರೂಡ್‌ನ ಅಮೃತತುಲ್ಯದಲ್ಲಿ ಚಹಾ ಕುಡಿಯುತ್ತಾ ಅವರಿಗೆ ಈ ಅಂಕಿ ತೋರಿಸಿದೆ.

"ಕಾಕಾ, ಎರಡು ಸಲ ತಪ್ಪತದ, ಮೂರನೇ ಸಲ ಬರೋಬ್ಬರಿ ಬರ್ತದ. ಯಾವಾಗ ತಪ್ಪತದ ಅಂತನ ಹುಡುಕಾಕತ್ತೀನ್ರಿ."

"ಯಾವಾಗ ಅನ್ನೂದು ಆಮ್ಯಾಲೆ ನೋಡೂಣು ತಮ್ಮಾ. ಎಷ್ಟು ತಪ್ಪಿತು? ಬ್ಯಾರೆ ಬ್ಯಾರೆ ಹೊತ್ತು ಮಲಗಿಸಿ ನೋಡೀಯೇನು?"

ನೋಡಿರಲಿಲ್ಲ. ಮರುದಿನ, ಇಷ್ಟು ಹೊತ್ತಿಗೆ ಏಳು ಎಂದು ಹೇಳಿ ಮಲಗಿಸುವ ಆರ್‌ಟಿಸಿವೇಕ್ ಆಜ್ಞೆ ಹಾಕಿ 60, 170, 180, 300 ಸೆಕೆಂಡ್ ಮಲಗಿಸಿದೆ. 60 ಮತ್ತು 170ಕ್ಕೆ ಎಲ್ಲ ಸರಿ. 180 ಸೆಕೆಂಡ್ ಮಲಗಿಸಿದರೆ ಕರ್ನಲ್ ಹೇಳಿದ್ದು 1.04! 300ಕ್ಕೆ 121.04. ಅಂದರೆ ನಷ್ಟ ಎರಡರಲ್ಲೂ 178.96 ಸೆಕೆಂಡ್, ಮೂರು ನಿಮಿಷಕ್ಕೆ ಒಂದು ಸೆಕೆಂಡ್ ಕಡಿಮೆ. 600ರಲ್ಲಿ ಕಳೆದ 536.87 ಅದರ ಸರಿಯಾಗಿ ಮೂರು ಪಟ್ಟು. ಬೋರ್ಡಿನ ಟೈಮರ್ 24 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಅಂದರೆ ಸೆಕೆಂಡಿಗೆ 2 ಕೋಟಿ 40 ಲಕ್ಷ ಎಣಿಸುತ್ತದೆ. 178.957 ಅನ್ನು 2 ಕೋಟಿ 40 ಲಕ್ಷದಿಂದ ಗುಣಿಸಿದರೆ 429 ಕೋಟಿ 49 ಲಕ್ಷದ ಆಸುಪಾಸು ಬರುತ್ತದೆ, ಎಂದರೆ ಎರಡರ 32ನೇ ಘಾತ. 32 ಬಿಟ್‌ನ ಎಣಿಕೆ ತುಂಬಿ ಸೊನ್ನೆಗೆ ಮರಳುವ ಹೊತ್ತು ಅದು. ಹಳೆ ಸ್ಕೂಟರಿನ ಮೀಟರು 99999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದಲ್ಲ, ಹಾಗೆ.

ಎಣಿಕೆ ಸುತ್ತುವುದು ತಪ್ಪಲ್ಲ. ಎಚ್ಚರವಿರುವಾಗ ಕರ್ನಲ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಕೆಲಸವಿಲ್ಲದೆ ಸುಮ್ಮನಿದ್ದರೂ ಸುತ್ತು ಮುಗಿಯುವ ಮೊದಲೇ ಒಮ್ಮೆ ಎದ್ದು ಎಣಿಕೆ ಓದಿಕೊಳ್ಳುತ್ತದೆ. ಸಸ್ಪೆಂಡ್‌ನಲ್ಲಿ ಮಾತ್ರ ಎದ್ದು ನೋಡುವವರು ಯಾರೂ ಇಲ್ಲ. ಏಳುವಾಗ "ಎಷ್ಟು ಹೊತ್ತು ಮಲಗಿದ್ದೆ" ಎಂಬುದಕ್ಕೆ ಕರ್ನಲ್ ಮೊದಲು ಕೇಳುವುದು ನಿದ್ದೆಯಲ್ಲೂ ನಿಲ್ಲದ ಕ್ಲಾಕ್‌ಸೋರ್ಸನ್ನು, ಅಂದರೆ ಸಮಯ ಎಣಿಸುವ ಟೈಮರನ್ನು. ಅದು ಉತ್ತರ ಕೊಟ್ಟರೆ ಆರ್‌ಟಿಸಿಯನ್ನು ಕೇಳುವುದೇ ಇಲ್ಲ. ಬೋರ್ಡಿನ ಜೊತೆ ಬಂದಿದ್ದ ಡ್ರೈವರ್ ಕೋಡಿನಲ್ಲಿ ಈ 24 ಮೆಗಾಹರ್ಟ್ಸ್ ಟೈಮರಿಗೆ "ಸಸ್ಪೆಂಡ್ ನಾನ್‌ಸ್ಟಾಪ್" ಎಂಬ ಗುರುತು ಹಾಕಿದ್ದರು. ಟೈಮರ್ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಮೂರು ನಿಮಿಷದೊಳಗೆ ಸುತ್ತುವ ಎಣಿಕೆಗೆ ಹತ್ತು ನಿಮಿಷದ ನಿದ್ದೆ ಅಳೆಯುವ ಶಕ್ತಿ ಎಲ್ಲಿಂದ ಬರಬೇಕು?

ಮೂರನೇ ಸಲ ಸರಿಯಾಗುತ್ತಿದ್ದ ಕಾರಣವೂ ಅಲ್ಲೇ ಸಿಕ್ಕಿತು. ಎದ್ದಾಗಿನ ಎಣಿಕೆ ಮಲಗಿದಾಗಿನದಕ್ಕಿಂತ ದೊಡ್ಡದಿದ್ದರೆ ಮಾತ್ರ ಕರ್ನಲ್ ಅದನ್ನು ಬಳಸುತ್ತದೆ. ಚಿಕ್ಕದಿದ್ದರೆ ಬಿಟ್ಟು ಆರ್‌ಟಿಸಿಗೆ ಹೋಗುತ್ತದೆ. 600 ಸೆಕೆಂಡ್ ಎಂದರೆ ಮೂರು ಪೂರ್ತಿ ಸುತ್ತು, ಮೇಲೆ ಮೂರನೇ ಒಂದು ಪಾಲಿಗಿಂತ ಚೂರು ಹೆಚ್ಚು. ಪ್ರತಿ ನಿದ್ದೆಯೂ ಹಿಂದಿನದಕ್ಕಿಂತ ಅಷ್ಟು ಮುಂದಿನಿಂದ ಶುರುವಾಗಿ, ಹೆಚ್ಚುಕಡಿಮೆ ಮೂರನೆಯದು ಸೊನ್ನೆ ದಾಟಿ ಚಿಕ್ಕ ಸಂಖ್ಯೆಗೆ ಬೀಳುತ್ತಿತ್ತು. ನಮ್ಮ ಪರೀಕ್ಷೆಯಲ್ಲಿ ಇದು ಯಾಕೆ ಸಿಗಲಿಲ್ಲ ಎಂಬುದೂ ಗೊತ್ತಾಯಿತು. ಸಮಯ ಉಳಿಸಲೆಂದು ನಾವು ಅಲ್ಲಿ 60 ಸೆಕೆಂಡ್ ಮಾತ್ರ ಮಲಗಿಸುತ್ತಿದ್ದೆವು.

ದುರಸ್ತಿಗೆ ಒಂದು ಸಾಲು ಸಾಕಿತ್ತು: ಆ ಗುರುತು ತೆಗೆದರೆ ಕರ್ನಲ್ ತಾನಾಗಿ ಆರ್‌ಟಿಸಿಗೆ ಹೋಗುತ್ತದೆ. ಆದರೆ ನಮ್ಮ ಆರ್‌ಟಿಸಿ ಪೂರ್ತಿ ಸೆಕೆಂಡ್‌ಗಳನ್ನಷ್ಟೇ ಹೇಳುತ್ತದೆ, ನನಗೆ ಅದಕ್ಕಿಂತ ಸೂಕ್ಷ್ಮ ಅಳತೆ ಬೇಕಿತ್ತು. ಚಿಪ್ಪಿನಲ್ಲಿ 32.768 ಕಿಲೋಹರ್ಟ್ಸ್‌ನ, ಎಂದೂ ನಿಲ್ಲದ ಇನ್ನೊಂದು ಎಣಿಕೆ ಇತ್ತು. ಆ ಗುರುತನ್ನು ಅದಕ್ಕೆ ವರ್ಗಾಯಿಸಿದೆ. ಎಚ್ಚರಕ್ಕೆ ಒಂದು ಗಡಿಯಾರ, ನಿದ್ದೆ ಅಳೆಯಲು ಇನ್ನೊಂದು. ನಾವು ಬಳಸುವ ಕರ್ನಲ್ ಇದಕ್ಕೆ ಅವಕಾಶ ಕೊಡುತ್ತದೆ. ನಾರಾಯಣಗಾಂವ್‌ನ ಗ್ರಾಫ್ ಅಂದಿನಿಂದ ಹತ್ತು ಹತ್ತು ನಿಮಿಷಕ್ಕೆ ಚುಕ್ಕೆ ಇಡುತ್ತಿದೆ.

ಕಾಕಾ ನನ್ನ ಪ್ಯಾಚ್ (ಕೋಡ್ ತಿದ್ದುಪಡಿ) ಓದಿ ಕೇಳಿದ್ದು ಒಂದೇ ಪ್ರಶ್ನೆ: "ಇದೂ 32 ಬಿಟ್ ಅಲ್ಲೇನು? ಇದು ಯಾವಾಗ ಸುತ್ತತದ?" 1,31,072 ಸೆಕೆಂಡಿಗೆ, ಅಂದರೆ 36 ತಾಸು 24 ನಿಮಿಷ 32 ಸೆಕೆಂಡಿಗೆ. ಶುಕ್ರವಾರ ಸಂಜೆ ಆರಕ್ಕೆ ಒಂದು ಬೋರ್ಡನ್ನು 40 ತಾಸು ಮಲಗಿಸಿ ಮನೆಗೆ ಹೋದೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಅದು ಎದ್ದು, ತಾನು 3 ತಾಸು 35 ನಿಮಿಷ ಮಲಗಿದ್ದೆ ಎಂದಿತು. ಸೋಮವಾರ ಅಲಾರಂ 24 ತಾಸಿಗಿಂತ ಮುಂದೆ ಹೋಗದಂತೆ ಕೋಡ್‌ನಲ್ಲೇ ಕಟ್ಟುಹಾಕಿ, ಪರೀಕ್ಷೆಯ ಪಟ್ಟಿಗೆ 170, 180, 600 ಸೆಕೆಂಡ್‌ಗಳ ಜೊತೆ ಈ 24 ತಾಸನ್ನೂ ಸೇರಿಸಿದೆವು.