ಟಿವಿ ಕಾರ್ಯಕ್ರಮದ ಮೇಲೆ ದೂರು ಕೊಡುವುದು ಹೇಗೆ?

ಬೆಳಗ್ಗೆ ಟಿವಿ ಹಾಕಿದರೆ ಸಾಕು, ಜ್ಯೋತಿಷಿಯೊಬ್ಬರು ಕೂತು ‘ಈ ಶಾಂತಿ ಮಾಡಿಸದಿದ್ದರೆ ಮನೆಗೆ ಕೇಡು’ ಎಂದು ಹೆದರಿಸುತ್ತಿರುತ್ತಾರೆ. ನಾವು ಬೈದುಕೊಂಡು ಚಾನೆಲ್ ಬದಲಿಸುತ್ತೇವೆ, ಇಲ್ಲವೇ ಫೇಸ್‌ಬುಕ್ಕಿನಲ್ಲಿ ಸಿಟ್ಟು ತೀರಿಸಿಕೊಳ್ಳುತ್ತೇವೆ. ಅದರಿಂದ ಚಾನೆಲ್‌ಗೆ ನಷ್ಟವೇನಿಲ್ಲ. ಲಿಖಿತ ದೂರು ಕೊಟ್ಟರೆ ಉತ್ತರ ಕೊಡಲೇಬೇಕು. ಇದಕ್ಕೆ ವಕೀಲರೂ ಬೇಕಿಲ್ಲ.

ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದು ಕ್ರಿಕೆಟ್ ಪ್ರಸಾರದ ಜಗಳದಲ್ಲಿ ಬಂದ ತೀರ್ಪು! ಕೇಬಲ್ ಟಿವಿ ಕಾಯ್ದೆ ಬಂದದ್ದೂ ಅದೇ ವರ್ಷ.

ಮೊದಲು ವಿವರ ಬರೆದಿಟ್ಟುಕೊಳ್ಳಿ: ಚಾನೆಲ್, ಕಾರ್ಯಕ್ರಮದ ಹೆಸರು, ತಾರೀಖು, ಸಮಯ, ಆಡಿದ ಮಾತು. ‘ನಿಮ್ಮ ಚಾನೆಲ್ ಸರಿಯಿಲ್ಲ’ ಎಂದಷ್ಟೇ ಬರೆದರೆ ದೂರು ನಿಲ್ಲುವುದಿಲ್ಲ. ಪ್ರಸಾರದ ರೆಕಾರ್ಡಿಂಗನ್ನು ಚಾನೆಲ್‌ಗಳು 90 ದಿನ ಇಟ್ಟುಕೊಂಡಿರಬೇಕು. ಹಾಗಾಗಿ ತಡ ಮಾಡಬೇಡಿ, ವಾರದೊಳಗೇ ಕಳಿಸುವುದು ಒಳ್ಳೆಯದು.

ಮುಂದೆ, ಯಾವ ನಿಯಮ ಮುರಿದಿದೆ ಎಂದು ತೋರಿಸಬೇಕು. ಕೇಬಲ್ ನಿಯಮಗಳ 6ನೇ ನಿಯಮವೇ ಕಾರ್ಯಕ್ರಮ ಸಂಹಿತೆ. ಅಶ್ಲೀಲತೆ, ಅರ್ಧಸತ್ಯ, ಧರ್ಮಗಳ ಮೇಲಿನ ದಾಳಿ, ಹೆಂಗಸರನ್ನೋ ಮಕ್ಕಳನ್ನೋ ಹೀಯಾಳಿಸುವುದು ಎಲ್ಲಕ್ಕೂ ಅಲ್ಲಿ ತಡೆಯಿದೆ. ಮೂಢನಂಬಿಕೆಗೆ ಕುಮ್ಮಕ್ಕು ಕೊಡುವಂತಿಲ್ಲ ಎಂದೂ ಇದೆ. ನಮ್ಮ ಬೆಳಗಿನ ಕಾರ್ಯಕ್ರಮಗಳನ್ನು ನೋಡಿದರೆ ಈ ಸಾಲನ್ನು ಯಾರೂ ಓದಿದಂತಿಲ್ಲ, ಅಲ್ವಾ?

ಈಗ ದೂರು ಕಳಿಸಿ. 2021ರ ಜೂನ್‌ನಲ್ಲಿ ಬಂದ ತಿದ್ದುಪಡಿ ಪ್ರಕಾರ ಇದಕ್ಕೆ ಮೂರು ಮೆಟ್ಟಿಲು. ಮೊದಲನೆಯದು ಚಾನೆಲ್‌ನ ದೂರು ಅಧಿಕಾರಿ. ಅವರ ವಿವರ ಚಾನೆಲ್‌ನ ವೆಬ್‌ಸೈಟಿನಲ್ಲಿ ಇರಬೇಕು. ದೂರು ತಲುಪಿತು ಎಂದು 24 ಗಂಟೆಯೊಳಗೆ ತಿಳಿಸಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು. ಉತ್ತರ ಬರಲಿಲ್ಲವೋ, ಬಂದದ್ದು ಒಪ್ಪಿಗೆಯಾಗಲಿಲ್ಲವೋ, ಮುಂದಿನ 15 ದಿನದೊಳಗೆ ಚಾನೆಲ್ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅಂದರೆ ಚಾನೆಲ್‌ಗಳೇ ಸೇರಿ ಮಾಡಿಕೊಂಡ ಸಂಸ್ಥೆಗೆ, ಮೇಲ್ಮನವಿ ಹಾಕಿ. ಸುದ್ದಿ ಚಾನೆಲ್‌ಗಳಲ್ಲಿ ಹಲವು ಎನ್‌ಬಿಡಿಎಸ್‌ಎ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಅಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ) ಅಡಿಯಲ್ಲಿ ಬರುತ್ತವೆ, ಧಾರಾವಾಹಿ ಮತ್ತು ರಿಯಾಲಿಟಿ ಶೋಗಳಿಗೆ ಬಿಸಿಸಿಸಿ (ಬ್ರಾಡ್‌ಕಾಸ್ಟಿಂಗ್ ಕಂಟೆಂಟ್ ಕಂಪ್ಲೇಂಟ್ಸ್ ಕೌನ್ಸಿಲ್) ಇದೆ. ಅವರಿಗೆ 60 ದಿನ ಸಮಯ. ಅಲ್ಲೂ ಆಗದಿದ್ದರೆ 15 ದಿನದೊಳಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಬರೆಯಬಹುದು.

ದೊಡ್ಡ ಶಿಕ್ಷೆಯೇ ಆಗುತ್ತದೆ ಎಂದು ಮಾತ್ರ ಕಾಯಬೇಡಿ. ಸುದ್ದಿ ಚಾನೆಲ್‌ಗಳಿಗೆ ಇರುವ 1 ಲಕ್ಷ ರೂಪಾಯಿ ದಂಡ ಏನೇನೂ ಸಾಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಆಕ್ಷೇಪಿಸಿತ್ತು. ನನ್ನನ್ನು ಕೇಳಿದರೆ, ತಪ್ಪು ಮಾಡಿದ ಚಾನೆಲ್‌ನ ಪರದೆ ಮೇಲೇ ಕ್ಷಮೆ ಕೇಳಿಸುವುದು ದಂಡಕ್ಕಿಂತ ಜಾಸ್ತಿ ನಾಟುತ್ತದೆ. ದೂರಿನಲ್ಲಿ ಅದನ್ನೂ ಕೇಳಿ.

ಜಾಹೀರಾತಿನ ದಾರಿ ಬೇರೆ. ಸುಳ್ಳು ಭರವಸೆಯ ಜಾಹೀರಾತಿದ್ದರೆ ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐಗೆ ದೂರು ಕೊಡಿ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ ಎಂಬ ನಿಯಮವೂ ಇದೆ. ನಿಮ್ಮೂರಿನ ಕೇಬಲ್‌ನವರೇ ನಡೆಸುವ ಚಾನೆಲ್‌ನ ತಕರಾರಾದರೆ ದೆಹಲಿವರೆಗೆ ಹೋಗಬೇಕಿಲ್ಲ, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ.