ಮೇನ್ ಥಿಯೇಟರ್ ಹಿಡಿದು ಎಂ.ಫಿಲ್. ಮುಗಿಸಿದ್ದು

ಮೀಡಿಯಾ ಅಂಡ್ ಕಲ್ಚರಲ್ ಸ್ಟಡೀಸ್‌ನಲ್ಲಿ ಎಂ.ಫಿಲ್. ಮಾಡ್ತಿದ್ದೀನಿ ಎಂದಾಗ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಟಿವಿಯಲ್ಲಿ ಯಾವಾಗ ಬರ್ತೀಯಾ? ಜರ್ನಲಿಸಂ ಓದಿದರೆ ಸುದ್ದಿ ಬರೆಯುವುದನ್ನು ಕಲಿಯುತ್ತೀರಿ. ಇಲ್ಲಿ ಓದುವುದು ಬೇರೆ. ಜನ ಸಿನಿಮಾ, ಪೇಪರು, ಮೊಬೈಲು ಇಟ್ಟುಕೊಂಡು ಹೇಗೆ ಬದುಕುತ್ತಾರೆ, ಅದರಲ್ಲಿ ಯಾರ ಮಾತು ನಡೆಯುತ್ತದೆ ಎನ್ನುವುದನ್ನು. ಅದೂ ಎಂಎ ಆದ ಮೇಲಿನ ರಿಸರ್ಚ್ ಡಿಗ್ರಿ ಎಂದರೆ ಕ್ಲಾಸು ಕಡಿಮೆ. ನಮಗೆ ಮೊದಲು ಸ್ವಲ್ಪ ಕೋರ್ಸ್‌ವರ್ಕ್ ಇತ್ತು, ಆಮೇಲೆ ನಾವುಂಟು, ಗೈಡ್ ಉಂಟು, ಥೀಸಿಸ್ ಉಂಟು.

2022ರ ನಿಯಮದಲ್ಲಿ, ದೇಶದ ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿ ಎಂ.ಫಿಲ್. ನಿಲ್ಲಿಸಿತು. ನಾನು ಅದಕ್ಕೆ ಮುಂಚೆ ಮುಗಿಸಿದವಳು. ಈಗ ಇಂಥದ್ದು ಬೇಕೆಂದರೆ ಎಂಎ ಎರಡನೇ ವರ್ಷವನ್ನು ಪೂರ್ತಿ ರಿಸರ್ಚಿಗೆ ಕೊಡುವ ದಾರಿ 2020ರ ಶಿಕ್ಷಣ ನೀತಿಯಲ್ಲಿದೆ, ಇಲ್ಲಾಂದ್ರೆ ಹೊರದೇಶದ ರಿಸರ್ಚ್ ಮಾಸ್ಟರ್ಸ್. ಹೆಸರು ಯಾವುದಾದರೂ ಪಡುವ ಪಾಡು ಒಂದೇ.

ನಾನು ಮೊದಲು ಕೊಟ್ಟ ವಿಷಯ ‘ಕನ್ನಡ ಸಿನಿಮಾ ಮತ್ತು ಕನ್ನಡತನ’. ಗೈಡ್ ಮೇಡಂ ಎರಡು ಪುಟ ಓದಿ, ‘ಇದನ್ನ ಮಾಡೋಕೆ ನಿನಗೆ ಎಷ್ಟು ಜನ್ಮ ಬೇಕು?’ ಎಂದರು. ಮೂರು ತಿಂಗಳು, ಥೀಸಿಸ್ಸುಗಳನ್ನು ಕೂಡಿಟ್ಟಿರುವ ಶೋಧಗಂಗಾ ಎಂಬ ವೆಬ್‌ಸೈಟಿನಲ್ಲಿ ಬೇರೆಯವರ ಥೀಸಿಸ್‌ಗಳನ್ನು ಇಳಿಸಿಕೊಂಡು ಓದಿದೆ. ಒಂದು ಸಲಹೆ ಕೊಡುವುದಾದರೆ, ಅವುಗಳ ಮುನ್ನುಡಿ ಬಿಡಿ, ಕೊನೆಯ ಅಧ್ಯಾಯ ಓದಿ. ‘ಇದು ನನ್ನಿಂದ ಆಗಲಿಲ್ಲ’ ಎಂದು ಬರೆದಿರುವುದು ಅಲ್ಲೇ, ನಿಮ್ಮ ವಿಷಯ ಸಿಗುವುದೂ ಜಾಸ್ತಿ ಅಲ್ಲೇ.

ನನಗೆ ಮಾತ್ರ ವಿಷಯ ಸಿಕ್ಕಿದ್ದು ಬಸ್ಸಿನಲ್ಲಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಬಸ್ಸು ನಿಂತಿತ್ತು, ಹಳೇ ಥಿಯೇಟರ್ ಒಂದಿದ್ದ ಜಾಗ ನೋಡಿ ಪಕ್ಕದವರು, ‘ಎಷ್ಟು ಪಿಕ್ಚರಿಗೆ ಇದು ಮೇನ್ ಥಿಯೇಟರ್ ಆಗಿತ್ತು ಗೊತ್ತಾ’ ಎಂದರು. ಮೇನ್ ಥಿಯೇಟರ್. ಪೇಪರಿನ ಜಾಹೀರಾತಿನಲ್ಲಿ ಚಿಕ್ಕಂದಿನಿಂದ ನೋಡಿದ ಮಾತು. ಊರಲ್ಲೆಲ್ಲ ಓಡುವ ಸಿನಿಮಾಕ್ಕೆ ಈ ರಸ್ತೆಯ ಒಂದು ಥಿಯೇಟರ್ ಯಾಕೆ ‘ಮೇನ್’ ಆಗಬೇಕು? ಈ ರಸ್ತೆ ಇರುವ ಏರಿಯಾಕ್ಕೆ ಮೆಜೆಸ್ಟಿಕ್ ಎಂಬ ಹೆಸರು ಬಂದಿದ್ದೇ ಒಂದು ಥಿಯೇಟರಿನಿಂದ, ಅಲ್ವಾ? ಮಾರನೆಯ ದಿನ ಮೇಡಂಗೆ ಇದನ್ನು ಒಂದೇ ಸಾಲಿನಲ್ಲಿ ಹೇಳಿದೆ. ‘ಹ್ಞೂಂ, ಇದನ್ನ ಮಾಡು’ ಎಂದರು.

ಆಮೇಲೆ ಲೈಬ್ರರಿ. ಹಳೇ ಕನ್ನಡ ಪೇಪರುಗಳ ಬೈಂಡು ತೆಗೆಸಿ ಸಿನಿಮಾ ಜಾಹೀರಾತುಗಳಿಂದ ಥಿಯೇಟರ್ ಹೆಸರುಗಳನ್ನು ಎಕ್ಸೆಲ್ಲಿಗೆ ಇಳಿಸುವ ಕೆಲಸ. ಧೂಳು, ಸೀನು. ಒಂದು ಬೈಂಡಿನಲ್ಲಂತೂ ಬೇಕಾದ ಪುಟಗಳನ್ನೇ ಯಾರೋ ಬ್ಲೇಡಿನಲ್ಲಿ ಕತ್ತರಿಸಿಕೊಂಡು ಹೋಗಿದ್ದರು. ಸಿಟ್ಟು ಬಂತು. ಕತ್ತರಿಸಿದ್ದು ಅಭಿಮಾನಿಯೇ ಇರಬೇಕು ಅನ್ನಿಸಿ ಅದನ್ನೂ ಥೀಸಿಸ್ಸಿನಲ್ಲಿ ಬರೆದೆ.

ಥಿಯರಿಯಲ್ಲಿ ನಾನು ಎಡವಿದ್ದು ಸ್ಟುವರ್ಟ್ ಹಾಲ್ ಹತ್ತಿರ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಲ್ಚರಲ್ ಸ್ಟಡೀಸನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು. ನೋಡುವವರು ಸಂದೇಶವನ್ನು ಮೂರು ಥರ ತೆಗೆದುಕೊಳ್ಳಬಹುದು ಎಂದು 1973ರಲ್ಲಿ ಹೇಳಿದರು: ಹೇಳಿದ ಹಾಗೇ ಒಪ್ಪುವುದು, ಅರ್ಧ ಒಪ್ಪಿ ಅರ್ಧ ಬಿಡುವುದು, ಪೂರ್ತಿ ತಿರುಗಿಸಿ ಓದುವುದು. ನಾನು ಮೂರು ಡಬ್ಬ ಇಟ್ಟುಕೊಂಡು ಜನರನ್ನು ಮಾತಾಡಿಸಲು ಹೊರಟೆ. ಸಂದೇಶದ ಬಗ್ಗೆ ಒಬ್ಬರೂ ಮಾತಾಡಲಿಲ್ಲ! ಕ್ಯೂ, ಬ್ಲಾಕ್ ಟಿಕೆಟ್, ಗಾಂಧಿ ಕ್ಲಾಸು, ಕಟೌಟಿಗೆ ಹಾಲು ಸುರಿಯಲು ಯಾರು ಹತ್ತಿದರು, ಇಂಟರ್‌ವಲ್‌ನಲ್ಲಿ ಏನು ತಿಂದರು, ಇದೇ ಮಾತು. ತೆಲುಗು ಸಿನಿಮಾ ಅಭಿಮಾನಿ ಸಂಘಗಳ ಮೇಲೆ ಸಂಶೋಧಕ ಎಸ್. ವಿ. ಶ್ರೀನಿವಾಸ್ ಮಾಡಿದ ಕೆಲಸ ಓದಿದ ಮೇಲಷ್ಟೇ, ಈ ಗಲಾಟೆಯೂ ಓದಬೇಕಾದದ್ದೇ ಎಂದು ಧೈರ್ಯ ಬಂತು.

ಒಬ್ಬರು ಹಳೇ ಗೇಟ್‌ಕೀಪರ್ ಸಿಕ್ಕಿದ್ದರು. ಮಾತಾಡಿಸುವ ಮುಂಚೆ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸಿಕೊಳ್ಳಬೇಕು, ರಿಸರ್ಚಿನಿಂದ ಯಾರಿಗೂ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯ ನಿಯಮ. ನಮ್ಮ ಪತ್ರ ಎರಡು ಪುಟ, ಪೂರ್ತಿ ಇಂಗ್ಲಿಷ್. ಅವರು ಕನ್ನಡಕ ಹಾಕಿ, ತಿರುಗಿಸಿ ನೋಡಿ, ವಾಪಸ್ ಕೊಟ್ಟರು. ‘ಸೈನ್ ಹಾಕಿ ನಮಗೆ ಒಳ್ಳೇದಾಗಿದ್ದು ಯಾವತ್ತೂ ಇಲ್ಲಮ್ಮ. ಬೇಕಾದ್ರೆ ಮಾತು ಕೇಳು, ಕಾಗದ ಬೇಡ.’ ಎದ್ದು ಬಂದೆ. ಕಮಿಟಿಗೆ ಪತ್ರ ಬರೆದು, ಕನ್ನಡದಲ್ಲಿ ಓದಿ ಹೇಳಿ ಒಪ್ಪಿಗೆಯನ್ನು ಬಾಯಿಮಾತಿನಲ್ಲೇ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ತೆಗೆದುಕೊಳ್ಳುವಷ್ಟರಲ್ಲಿ ಐದು ವಾರ ಹೋಯಿತು. ನೀವು ಇದನ್ನು ಮೊದಲೇ ಮಾಡಿಸಿಕೊಳ್ಳಿ.

ಎರಡನೇ ಸಲ ಹೋದಾಗ ಅವರೇ ಟೀ ತರಿಸಿದರು. ‘ಮೇನ್ ಥಿಯೇಟರ್ ಅಂದ್ರೆ ಪಿಕ್ಚರಿಗೆ ತವರುಮನೆ ಇದ್ದಂಗೆ. ಎಲ್ಲೇ ಓಡಲಿ, ನೂರು ದಿನ ಅಂತ ಲೆಕ್ಕ ಹಿಡಿಯೋದು ಇಲ್ಲೇ. ಹೀರೋ ಬಂದು ಕೈ ಮುಗಿಯೋದೂ ಇಲ್ಲೇ.’ ಮನೆಗೆ ಬಂದು ಟೈಪ್ ಮಾಡುವಾಗ ಆ ಒಂದು ಮಾತಿನ ಮೇಲೇ ಸಂಜೆ ಕಳೆಯಿತು. (ಒಂದು ಗಂಟೆ ರೆಕಾರ್ಡಿಂಗ್ ಟೈಪ್ ಮಾಡಲು ನನಗೆ ಆರು ಗಂಟೆ ಹಿಡಿಯುತ್ತಿತ್ತು, ಅದರಲ್ಲಿ ತಮಿಳು, ತೆಲುಗು, ದಖನಿ ಬೆರೆತರೆ ಇನ್ನೂ ಜಾಸ್ತಿ.) ತವರುಮನೆಗೆ ಇಂಗ್ಲಿಷಿನಲ್ಲಿ ಏನು ಹಾಕಿದರೂ ಸತ್ತ ಮಾತು. ಮೇಡಂ, ‘ಕನ್ನಡವನ್ನೇ ಬಿಡು, ಅದನ್ನ ವಿವರಿಸೋಕೆ ಒಂದು ಅಧ್ಯಾಯ ಬರಿ’ ಎಂದರು. ಮೂರನೇ ಅಧ್ಯಾಯ ಹುಟ್ಟಿದ್ದು ಹಾಗೆ. ಇಡೀ ಥೀಸಿಸ್ಸಿನಲ್ಲಿ ಓದುವಂತಿರುವುದೂ ಅದೊಂದೇ.

ಬರೆಯುವ ಕೆಲಸದ ಬಗ್ಗೆ ಹೆಚ್ಚು ಹೇಳಲಾರೆ. ಬೆಳಗ್ಗೆ ಐದರಿಂದ ಎಂಟು, ಆಮೇಲೆ ಆಫೀಸು. ಝೊಟೆರೊ ಎಂಬ ಸಾಫ್ಟ್‌ವೇರಿನಲ್ಲಿ ಮೊದಲ ದಿನದಿಂದ ಪುಸ್ತಕಗಳ ವಿವರ ಹಾಕಿಡಿ, ಇಲ್ಲಾಂದ್ರೆ ಕೊನೆಯ ವಾರ ಅಳುತ್ತೀರಿ. ಕೃತಿಚೌರ್ಯದ ಪರೀಕ್ಷೆಯಲ್ಲಿ, 2018ರ ಯುಜಿಸಿ ನಿಯಮದಂತೆ, ಹೋಲಿಕೆ 10% ಒಳಗಿದ್ದರೆ ತೊಂದರೆಯಿಲ್ಲ. ನನ್ನದು 14 ಬಂತು. ಸಾಫ್ಟ್‌ವೇರ್ ನೋಡಿದರೆ ಗ್ರಂಥಸೂಚಿಯನ್ನೂ ‘ನರ್ತಕಿ, ಸಂತೋಷ್, ಸಪ್ನ’ ಎಂಬ ಥಿಯೇಟರ್ ಪಟ್ಟಿಯನ್ನೂ ಕದ್ದ ಮಾಲು ಎಂದು ಹಿಡಿದಿತ್ತು! ಗ್ರಂಥಸೂಚಿಯನ್ನು ಲೆಕ್ಕದಿಂದ ತೆಗೆಸಿದ ಮೇಲೆ 6ಕ್ಕೆ ಇಳಿಯಿತು.

ವೈವಾದಲ್ಲಿ, ಅಂದರೆ ಕೊನೆಯ ಬಾಯಿಮಾತಿನ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಮೊದಲಿಗೆ ಮೂರನೇ ಅಧ್ಯಾಯ ಹೊಗಳಿದರು. ಆಮೇಲೆ ಮೆಲ್ಲಗೆ, ‘ತವರುಮನೆ ಅಂತ ನಲವತ್ತು ಪುಟ ಬರೆದಿದ್ದೀರಿ. ಹತ್ತೊಂಬತ್ತು ಜನರನ್ನ ಮಾತಾಡಿಸಿದ್ದೀರಿ. ಇದರಲ್ಲಿ ಹೆಂಗಸರು ಎಲ್ಲಿ?’ ಎಂದರು. ಒಬ್ಬರೂ ಇರಲಿಲ್ಲ. ನಾನೇ ಹೆಂಗಸಾಗಿ, ಥಿಯೇಟರ್ ಎಂದ ಕೂಡಲೇ ಗಂಡಸರ ಹತ್ತಿರವೇ ಹೋಗಿದ್ದೆ. ತಿದ್ದುಪಡಿಗೆ ಒಂದು ತಿಂಗಳು ಕೊಟ್ಟರು.

ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ ಬೆಳೆದದ್ದು ಶ್ರೀರಾಮಪುರದಲ್ಲಿ, ಮೆಜೆಸ್ಟಿಕ್ಕಿಗೆ ನಡೆದೇ ಹೋಗುತ್ತಿದ್ದರು. ಅವರೆಕಾಳು ಹಿಚುಕುತ್ತಾ ಹೇಳಿದರು, ‘ಲೇಡೀಸ್ ಕ್ಯೂ ಯಾವಾಗ್ಲೂ ಚಿಕ್ಕದು. ಅದಕ್ಕೇ ನಿಮ್ಮ ಮಾವ ನನ್ನನ್ನೇ ನಿಲ್ಲಿಸ್ತಿದ್ದ. ಬೀದಿ ಹುಡುಗರಿಗೆಲ್ಲ ಟಿಕೆಟ್ ತೆಗೆದುಕೊಟ್ಟಿದ್ದು ನಾನೇ.’

‘ಇದನ್ನ ಮೊದಲೇ ಹೇಳಬಾರದಿತ್ತಾ?’

‘ನೀನೆಲ್ಲಿ ಕೇಳಿದೆ?’

ಮೊಬೈಲಿನಲ್ಲಿ ರೆಕಾರ್ಡರ್ ಆನ್ ಮಾಡಿ, ಕನ್ನಡದಲ್ಲಿ ಒಪ್ಪಿಗೆ ಪತ್ರ ಓದಿ ಹೇಳಿದೆ. ಅಮ್ಮ ನಗುತ್ತಾ ‘ಆಯ್ತು’ ಎಂದರು. ಅವರು ಇಪ್ಪತ್ತನೆಯವರು.