ಫೋಟೋ ಸ್ಪರ್ಧೆಗೆ ಕಳಿಸುವ ಮುನ್ನ: ಲಾಭ ಯಾವುದರಲ್ಲಿ, ನಷ್ಟ ಎಲ್ಲಿ

ಸ್ಪರ್ಧೆಯ ಪ್ರಕಟಣೆ ಕಣ್ಣಿಗೆ ಬಿದ್ದಾಗ ಬಹುತೇಕರು ನೋಡುವುದು ಎರಡನ್ನೇ: ಬಹುಮಾನದ ಮೊತ್ತ, ಕೊನೆಯ ದಿನಾಂಕ. ಮೊದಲು ಓದಬೇಕಾದದ್ದು ನಿಯಮಗಳ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿರುವ ಹಕ್ಕುಗಳ ಷರತ್ತು. ಸೋತರೆ ಹೋಗುವುದು ಶುಲ್ಕ ಅಷ್ಟೇ. ಆ ಷರತ್ತು ಓದದೆ ಕಳಿಸಿದರೆ ಚಿತ್ರದ ಮೇಲಿನ ಹಿಡಿತವೇ ಹೋಗಬಹುದು.

ಷರತ್ತಿನಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಿ. ಹಕ್ಕು ಕೇಳುತ್ತಿರುವುದು ಗೆದ್ದ ಚಿತ್ರಗಳ ಮೇಲೋ, ಬಂದ ಎಲ್ಲ ಚಿತ್ರಗಳ ಮೇಲೋ? ಯಾವ ಬಳಕೆಗೆ? ಎಷ್ಟು ಕಾಲ? ಬೇರೆಯವರಿಗೆ ದಾಟಿಸಬಹುದೇ? ‘ಗೆದ್ದ ಚಿತ್ರಗಳನ್ನು ಈ ಸ್ಪರ್ಧೆಯ ಪ್ರಚಾರ, ಪ್ರದರ್ಶನ ಮತ್ತು ಕ್ಯಾಟಲಾಗಿಗೆ, ಛಾಯಾಗ್ರಾಹಕರ ಹೆಸರಿನೊಂದಿಗೆ ಎರಡು ವರ್ಷ ಬಳಸುತ್ತೇವೆ’ ಎಂದಿದ್ದರೆ ಧೈರ್ಯವಾಗಿ ಕಳಿಸಬಹುದು. ‘ಸಲ್ಲಿಸಿದ ಎಲ್ಲ ಚಿತ್ರಗಳನ್ನು ಯಾವುದೇ ಉದ್ದೇಶಕ್ಕೆ, ಶಾಶ್ವತವಾಗಿ, ಸಂಭಾವನೆ ಇಲ್ಲದೆ ಬಳಸುವ ಮತ್ತು ಇತರರಿಗೆ ನೀಡುವ ಹಕ್ಕು ಸಂಘಟಕರದು’ ಎಂದಿದ್ದರೆ ಅದು ಸ್ಪರ್ಧೆಯ ಹೆಸರಿನಲ್ಲಿ ಪುಕ್ಕಟೆ ಚಿತ್ರ ಸಂಗ್ರಹ. ಅದರ ಜೊತೆಗೇ ‘ಕೃತಿಸ್ವಾಮ್ಯ ನಿಮ್ಮದೇ’ ಎಂಬ ಸಾಲೂ ಇರುತ್ತದೆ. ಅದನ್ನು ನೋಡಿ ಸಮಾಧಾನಪಡಬೇಡಿ. ಸ್ವಾಮ್ಯ ನಿಮ್ಮಲ್ಲೇ ಉಳಿದರೂ, ನಾಳೆ ಒಬ್ಬರು ಆ ಚಿತ್ರವನ್ನು ತಮಗೊಬ್ಬರಿಗೇ ಬೇಕೆಂದು ಕೊಳ್ಳಲು ಬಂದರೆ ಹಾಗೆಂದು ಬರೆದುಕೊಡುವ ಸ್ಥಿತಿಯಲ್ಲಿ ನೀವಿರುವುದಿಲ್ಲ.

ಆಮೇಲೆ ಶುಲ್ಕ. ಶುಲ್ಕ ಇದೆ ಎಂದ ಮಾತ್ರಕ್ಕೆ ಸ್ಪರ್ಧೆ ಕೆಟ್ಟದ್ದಲ್ಲ, ಇಲ್ಲ ಎಂದ ಮಾತ್ರಕ್ಕೆ ಒಳ್ಳೆಯದೂ ಅಲ್ಲ. 1955ರಲ್ಲಿ ಶುರುವಾದ, ಸುದ್ದಿ ಚಿತ್ರಗಳ ಹೆಸರಾಂತ ಸ್ಪರ್ಧೆ ವರ್ಲ್ಡ್ ಪ್ರೆಸ್ ಫೋಟೋ ಪ್ರವೇಶಕ್ಕೆ ಹಣ ಕೇಳುವುದಿಲ್ಲ. ಶುಲ್ಕ ಇರುವ ಕಡೆ ಚಿತ್ರಕ್ಕೆ ಇಷ್ಟು ಎನ್ನುತ್ತಾರೋ, ವಿಭಾಗಕ್ಕೆ ಇಷ್ಟೋ ನೋಡಿ. ಚಿತ್ರದ ಲೆಕ್ಕದಲ್ಲಿ ಹತ್ತು ಕಳಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಫಲಿತಾಂಶದ ನಂತರ ‘ನೀವು ಗೆದ್ದಿದ್ದೀರಿ, ಪ್ರಮಾಣಪತ್ರಕ್ಕೆ ಇಷ್ಟು, ಪ್ರದರ್ಶನದ ಪ್ರಿಂಟಿಗೆ ಇಷ್ಟು’ ಎಂದು ಬಿಲ್ ಕಳಿಸುವವರಿಂದ ದೂರವಿರಿ. ಅಲ್ಲಿ ಕಳಿಸಿದವರಲ್ಲಿ ಅರ್ಧ ಜನ ಏನಾದರೊಂದು ಗೆದ್ದೇ ಇರುತ್ತಾರೆ.

ಸಲೂನ್‌ಗಳ, ಅಂದರೆ ಆಯ್ದ ಚಿತ್ರಗಳನ್ನು ಪ್ರದರ್ಶಿಸುವ ಸ್ಪರ್ಧೆಗಳ, ದಾರಿ ಬೇರೆ. 1950ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್‌ನ ಮಾನ್ಯತೆ ಪಡೆದ ಸಲೂನ್‌ಗಳಲ್ಲಿ ಸಾಮಾನ್ಯವಾಗಿ ವಿಭಾಗಕ್ಕೆ ನಾಲ್ಕು ಚಿತ್ರ. ಬಹುಮಾನ ಬರದಿದ್ದರೂ ಪ್ರತಿ ಅಕ್ಸೆಪ್ಟೆನ್ಸ್ (ಪ್ರದರ್ಶನಕ್ಕೆ ಆಯ್ಕೆಯಾಗುವುದು) ಫಿಯಾಪ್ ಕೊಡುವ ಎಎಫ್‌ಐಎಪಿ, ಇಎಫ್‌ಐಎಪಿ ಪದವಿಗಳ ಲೆಕ್ಕಕ್ಕೆ ಸೇರುತ್ತದೆ. ಆ ಪದವಿ ಬೇಕೆನ್ನುವವರಿಗೆ ಇದು ಸರಿಯಾದ ದಾರಿ. ಬೇಡವಾದರೆ ಶುಲ್ಕದ ಹಣವನ್ನು ದೊಡ್ಡ ಪ್ರಿಂಟ್‌ಗಳಿಗೆ ಹಾಕುವುದು ಮೇಲು. ಇಲ್ಲೊಂದು ಅಪಾಯವನ್ನೂ ಹೇಳಬೇಕು. ಸಾವಿರಾರು ಚಿತ್ರ ನೋಡುವ ತೀರ್ಪುಗಾರರ ಮುಂದೆ ಒಂದೊಂದು ಚಿತ್ರ ನಿಲ್ಲುವುದು ಕೆಲವೇ ಸೆಕೆಂಡು. ನಿಧಾನವಾಗಿ ಬಿಚ್ಚಿಕೊಳ್ಳುವ ಚಿತ್ರ ಅಲ್ಲಿ ಸೋಲುತ್ತದೆ, ಕೊಕ್ಕಿನಲ್ಲಿ ಮೀನು ಹಿಡಿದ ಮಿಂಚುಳ್ಳಿ ಗೆಲ್ಲುತ್ತದೆ. ಎರಡು ವರ್ಷ ಇದನ್ನೇ ಮಾಡಿದರೆ ಕ್ಯಾಮೆರಾ ಎತ್ತುವಾಗಲೇ ತೀರ್ಪುಗಾರರ ಕಣ್ಣಿನಿಂದ ನೋಡುವ ಚಾಳಿ ಅಂಟಿಕೊಳ್ಳುತ್ತದೆ. ಸ್ಪರ್ಧೆಗಳ ದೊಡ್ಡ ನಷ್ಟ ಇದೇ, ಹಣದ್ದಲ್ಲ.

ಹಾಗಾದರೆ ಲಾಭ? ನಿಜವಾದ ಲಾಭ ಸಿಗುವುದು ಫಲಿತಾಂಶಕ್ಕೂ ಮೊದಲು, ನಾಲ್ಕು ಚಿತ್ರ ಆರಿಸುವ ಕೆಲಸದಲ್ಲಿ. ವರ್ಷದ ಚಿತ್ರಗಳಲ್ಲಿ ಮೂವತ್ತನ್ನು ತೆಗೆದಿಟ್ಟು ಎರಡು ವಾರ ಮುಟ್ಟಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ: ನಸುಕಿಗೆ ಎದ್ದು, ಬೆಟ್ಟ ಹತ್ತಿ, ಚಳಿಯಲ್ಲಿ ಕಾದ ಕಷ್ಟ ಚಿತ್ರದೊಳಗೆ ಕಾಣುವುದಿಲ್ಲ, ನಿಮ್ಮ ನೆನಪಿನಲ್ಲಿ ಮಾತ್ರ ಇರುತ್ತದೆ. ಎರಡು ವಾರದ ನಂತರ ಎಲ್ಲವನ್ನೂ ಬೆರಳಗಲದ ಥಂಬ್‌ನೇಲ್ ಮಾಡಿ ನೋಡಿ. ಆ ಅಳತೆಯಲ್ಲಿ ಯಾವುದು ಏನೆಂದೇ ತಿಳಿಯುವುದಿಲ್ಲವೋ ಅದನ್ನು ಬಿಡಿ. ಉಳಿದವನ್ನು ತಲೆಕೆಳಗು ಮಾಡಿ ನೋಡಿ. ಮೂಲೆಯಲ್ಲಿ ಕಣ್ಣಿಗೆ ರಾಚುವ ಬಿಳಿ ಚುಕ್ಕೆ, ಅಂಚಿನಿಂದ ಒಳಗೆ ಇಣುಕುವ ಕೊಂಬೆ, ಅರ್ಧ ಕತ್ತರಿಸಿಹೋದ ಪಾದ ಆಗ ಎದ್ದು ಕಾಣುತ್ತವೆ. ಕೊನೆಯ ಎಂಟನ್ನು, ತೆಗೆಯುವಾಗ ಜೊತೆಗಿಲ್ಲದ ಒಬ್ಬರಿಗೆ ವಿವರಣೆ ಇಲ್ಲದೆ ತೋರಿಸಿ.

ಫೈಲ್ ತಯಾರಿಯಲ್ಲಿ ಜನ ಸೋಲುವುದು ತೀರಾ ಸಣ್ಣ ವಿಷಯಗಳಿಗೆ. ಅಡೋಬಿ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿರುವ ಚಿತ್ರವನ್ನು ಪರದೆಗಳಿಗೆ ಸಾಮಾನ್ಯವಾದ ಎಸ್‌ಆರ್‌ಜಿಬಿಗೆ ಬದಲಿಸದೆ ಕಳಿಸಿದರೆ ಬಣ್ಣ ಸಪ್ಪೆಯಾಗಿ ಕಾಣಬಹುದು. ಗರಿಷ್ಠ ಅಳತೆ 1920 × 1080 ಪಿಕ್ಸೆಲ್ ಎಂದಿದ್ದರೆ ಲಂಬ ಚಿತ್ರದ ಎತ್ತರ 1080 ದಾಟುವಂತಿಲ್ಲ. ಅಡ್ಡ ಚಿತ್ರಗಳ ನಡುವೆ ಅದು ಸೊರಗಿ ಕಾಣುತ್ತದೆ, ಆರಿಸುವಾಗಲೇ ಇದು ನೆನಪಿರಲಿ. ಮೊದಲು ಅಳತೆ ಇಳಿಸಿ, ಆಮೇಲೆ ಶಾರ್ಪನ್ ಮಾಡಿ, ಅಂದರೆ ಅಂಚುಗಳನ್ನು ಹರಿತಗೊಳಿಸಿ. ಕೈ ಜೋರಾದರೆ, ಆಕಾಶಕ್ಕೆ ಎದುರಾಗಿರುವ ಹಕ್ಕಿಯ ಬೆನ್ನಿನುದ್ದಕ್ಕೂ ಬಿಳಿ ಗೆರೆ ಮೂಡುತ್ತದೆ. ಚಿತ್ರವನ್ನು 100%ಗೆ ಹಿಗ್ಗಿಸಿ ಅಂಚು ನೋಡಿ. ಗೆರೆ ಕಂಡರೆ ಶಾರ್ಪನ್ ಅಂಚಿನಿಂದ ಎಷ್ಟು ಹರಡಬೇಕೆಂಬ ಅಳತೆಯಾದ ರೇಡಿಯಸ್ಸನ್ನು 0.5 ಪಿಕ್ಸೆಲ್ ಆಸುಪಾಸಿಗೆ ಇಳಿಸಿ. ಫೈಲ್ ಗಾತ್ರದ ಮಿತಿ ದಾಟಿದರೆ ಜೆಪೆಗ್ ಗುಣಮಟ್ಟವನ್ನು 100ರಿಂದ 85ಕ್ಕೆ ತನ್ನಿ, ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಅಪರೂಪ. ವಾಟರ್‌ಮಾರ್ಕ್, ಸಹಿ ಇರುವ ಪ್ರತಿಯನ್ನು ಕಳಿಸಬೇಡಿ.

ಎಡಿಟಿಂಗ್ ಎಷ್ಟು ಸರಿ ಎಂಬುದು ವಿಭಾಗದ ಮೇಲೆ ಹೋಗುತ್ತದೆ. ಕಲಾತ್ಮಕ ವಿಭಾಗದಲ್ಲಿ ಅಡ್ಡಬಂದ ಕಡ್ಡಿಯನ್ನು ಅಳಿಸಿದರೆ ಯಾರೂ ಕೇಳುವುದಿಲ್ಲ. ನಿಸರ್ಗ ಅಥವಾ ಸುದ್ದಿ ವಿಭಾಗದಲ್ಲಿ ಅದೇ ಕಡ್ಡಿ ನಿಮ್ಮನ್ನು ಅನರ್ಹಗೊಳಿಸುತ್ತದೆ. ಕ್ರಾಪ್ (ಅಂಚು ಕತ್ತರಿಸುವುದು) ನಡೆಯುತ್ತದೆ, ಚಿತ್ರದಲ್ಲಿದ್ದ ವಸ್ತುವನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು ನಡೆಯುವುದಿಲ್ಲ. 2015ರ ವರ್ಲ್ಡ್ ಪ್ರೆಸ್ ಫೋಟೋದಲ್ಲಿ ಕೊನೆಯ ಹಿಂದಿನ ಸುತ್ತಿಗೆ ಬಂದವುಗಳಲ್ಲಿ ಸುಮಾರು 20% ಚಿತ್ರಗಳು ಇಂಥ ಕಾರಣಕ್ಕೇ ಹೊರಬಿದ್ದವು. ವನ್ಯಜೀವಿ ಛಾಯಾಗ್ರಹಣದ ಹೆಸರಾಂತ ಲಂಡನ್ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ, ಗೇಟು ಹಾರುವ ತೋಳದ ಚಿತ್ರವನ್ನು ತಿದ್ದಿದ್ದಾರೆಂಬ ಆರೋಪವಿರಲಿಲ್ಲ. ತೋಳ ಪಳಗಿಸಿದ್ದಿರಬೇಕೆಂದು ತೀರ್ಪುಗಾರರು ತೀರ್ಮಾನಿಸಿದ್ದರಿಂದ 2010ರಲ್ಲಿ ಪ್ರಶಸ್ತಿ ಹಿಂದೆ ಹೋಯಿತು. ಹಾಗಾಗಿ ಪ್ರಾಣಿ ಮೃಗಾಲಯದ್ದೋ, ಸಾಕಿದ್ದೋ, ಆಹಾರ ಇಟ್ಟು ಕರೆದದ್ದೋ ಎಂಬುದನ್ನು ಕೇಳಿದ ಕಡೆ ಇದ್ದಂತೆ ಬರೆಯಿರಿ. 2023ರಲ್ಲಿ ಎಐ ಸೃಷ್ಟಿಸಿದ ಚಿತ್ರವೊಂದು ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನ ಒಂದು ವಿಭಾಗ ಗೆದ್ದು, ಕಳಿಸಿದವರೇ ಪ್ರಶಸ್ತಿ ನಿರಾಕರಿಸಿದ ಮೇಲಂತೂ ಮೂಲ ಫೈಲಿನ ಮಹತ್ವ ಇನ್ನೂ ಹೆಚ್ಚಿದೆ. ಕ್ಯಾಮೆರಾ ಕೊಡುವ ಸಂಸ್ಕರಿಸದ ಮೂಲವಾದ ರಾ ಫೈಲನ್ನೂ ಅದರ ಹಿಂದುಮುಂದಿನ ಫ್ರೇಮ್‌ಗಳನ್ನೂ ಅಳಿಸಬೇಡಿ. ಫೋನಿನಲ್ಲಿ ತೆಗೆಯುವವರು ರಾ ಆಯ್ಕೆ ಇದ್ದರೆ ಹಾಕಿಟ್ಟುಕೊಳ್ಳಿ.

ಕೊನೆಯ ಗಂಟೆಯಲ್ಲಿ ಅಪ್‌ಲೋಡಿಗೆ ಕೂರಬೇಡಿ. ದಿನಾಂಕದ ಪಕ್ಕದಲ್ಲಿ ಯಾವ ದೇಶದ ಸಮಯ ಎಂದು ಬರೆದಿರುತ್ತಾರೆ, ಅದು ನಿಮ್ಮ ಗಡಿಯಾರದ ಮಧ್ಯರಾತ್ರಿ ಆಗಿರಬೇಕೆಂದಿಲ್ಲ.

ಫಲಿತಾಂಶ ಬಂದಾಗ ಒಂದು ತೀರ್ಪನ್ನು ನೋಡಿ ಚಿತ್ರವನ್ನು ಎಸೆಯಬೇಡಿ. ಒಂದು ಕಡೆ ಮೊದಲ ಸುತ್ತಿನಲ್ಲೇ ಬಿದ್ದದ್ದು ಇನ್ನೊಂದು ಕಡೆ ಪದಕ ಪಡೆಯುವುದುಂಟು. ಮೂರು ನಾಲ್ಕು ಬೇರೆ ಬೇರೆ ತೀರ್ಪುಗಾರರ ತಂಡಗಳೂ ಬಿಟ್ಟರೆ ಮಾತ್ರ ಪಕ್ಕಕ್ಕಿಡಿ. ಗೆದ್ದವುಗಳ ಕ್ಯಾಟಲಾಗನ್ನು ತಪ್ಪದೆ ನೋಡಿ. ಟಿಪ್ಪಣಿ ಬರೆದು ಕಳಿಸುವ ಸಂಘಟಕರು ಕಡಿಮೆ, ನಿಮಗೆ ಸಿಗುವ ಪಾಠ ಬಹುಪಾಲು ಅದೇ. ಚಿತ್ರದ ಶೀರ್ಷಿಕೆ, ಎಲ್ಲಿಗೆ, ಯಾವ ವಿಭಾಗಕ್ಕೆ, ಯಾವಾಗ, ಏನಾಯಿತು ಎಂದು ಒಂದು ಪಟ್ಟಿ ಇಡಿ. ಫಿಯಾಪ್ ಸಲೂನ್‌ಗಳಲ್ಲಿ ಒಂದು ಚಿತ್ರಕ್ಕೆ ಒಂದೇ ಶೀರ್ಷಿಕೆ. ಬಣ್ಣದ್ದನ್ನು ಕಪ್ಪು–ಬಿಳುಪು ಮಾಡಿದರೂ ಅದೇ ಹೆಸರಿನಲ್ಲಿ ಹೋಗಬೇಕು. ಪಟ್ಟಿ ಇಲ್ಲದವರು ಮೂರನೇ ವರ್ಷದ ಹೊತ್ತಿಗೆ ಇಲ್ಲೇ ಎಡವುತ್ತಾರೆ.